ನಾಲ್ಕನೆಯ ಕೊಳವೆಬಾವಿಗೆ ಸಾಲ ಮಾಡುವ ಮುನ್ನ

ಪೂರ್ವ ಮುಂಗಾರಿನ ನಾಲ್ಕು ಹನಿ ಬೀಳುತ್ತಿದ್ದಂತೆ ನನಗೆ ಬರುವ ಪತ್ರಗಳೆಲ್ಲ ನೀರು ಮತ್ತು ಮಣ್ಣಿನ ಸುತ್ತಲೇ ಇರುತ್ತವೆ. ಈ ಸಲ ಬಯಲುಸೀಮೆಯ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಹೋಗಿದೆ. ಅದರ ಹಿಂದೆ ಒಂದು ಮನೆಯ ಸಾಲದ ಮಾತಿದೆ, ಎರಡು ಸಾಲಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ.

ಪ್ರಶ್ನೆ: ಕೋಲಾರ ಜಿಲ್ಲೆಯಲ್ಲಿ ನಮಗೆ ನಾಲ್ಕು ಎಕರೆ ಕೆಂಪು ಮಣ್ಣಿನ ಜಮೀನಿದೆ. ಮೂರು ಕೊಳವೆಬಾವಿ ಕೊರೆಸಿದ್ದೇವೆ. ಎರಡು ಬತ್ತಿವೆ, ಒಂದರಲ್ಲಿ ಒಂದು ಇಂಚು ನೀರು ಬರುತ್ತಿದೆ. ಟೊಮೆಟೊ ಉಳಿಸಿಕೊಳ್ಳಲು 1,400 ಅಡಿ ಇಳಿಸೋಣ ಎಂದು ಮಗ ಹಟ ಹಿಡಿದಿದ್ದಾನೆ. ಸಾಲ ಮಾಡಿ ಕೊರೆಸಬಹುದೇ?

ಉತ್ತರ: ಬೇಡ. ನಿಮ್ಮ ಮಗನಿಗೂ ಈ ಉತ್ತರ ಓದಿಸಿ. ಅವನ ಆತಂಕ ನಿಜವಾದದ್ದೇ, ದಾರಿ ಮಾತ್ರ ಬೇರೆ ಇದೆ.

ನಿಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ಅಲ್ಲಿ ನೀರು ಕೆರೆಯಂತೆ ಒಂದೆಡೆ ನಿಂತಿರುವುದಿಲ್ಲ. ಮೇಲ್ಭಾಗದ ಶಿಥಿಲ ಪದರದಲ್ಲಿ ಒಂದಷ್ಟು, ಬಂಡೆಯ ಬಿರುಕುಗಳಲ್ಲಿ ಒಂದಷ್ಟು ಇರುತ್ತದೆ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆಯಾಗುತ್ತವೆ. ಸಾವಿರ ಅಡಿ ದಾಟಿದ ಮೇಲೆ ಸಿಗುವ ನೀರು ಬಹುಕಾಲದಿಂದ ಕೂಡಿಟ್ಟದ್ದು. ನೀವು ಎತ್ತುವ ವೇಗಕ್ಕೆ ಸರಿಯಾಗಿ ಅದು ಮತ್ತೆ ತುಂಬುವುದಿಲ್ಲ. ಫ್ಲೋರೈಡ್ ಅಂಶ ಹೆಚ್ಚಿರುವ ಸಾಧ್ಯತೆಯೂ ಇರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದೇ ಬಾವಿಯ ನೀರನ್ನು ಮನೆಯಲ್ಲಿ ಕುಡಿಯುವುದಿದ್ದರೆ ಪರೀಕ್ಷೆ ಮಾಡಿಸಲೇಬೇಕು. ನಿಮ್ಮ ಜಿಲ್ಲೆ ಅಂತರ್ಜಲ ಅತಿಬಳಕೆಯ ಪ್ರದೇಶ. ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬಾವಿ ಕೊರೆಯಲು 2011ರ ಅಂತರ್ಜಲ ಕಾಯ್ದೆಯಡಿ ಅನುಮತಿ ಪಡೆಯಬೇಕು.

ಈಗ ಮೇಲಿನಿಂದ ಬೀಳುವ ನೀರಿನ ಲೆಕ್ಕ ನೋಡೋಣ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್. ವರ್ಷಕ್ಕೆ 700 ಮಿಲಿಮೀಟರ್ ಎಂದಿಟ್ಟುಕೊಂಡರೂ ನಿಮ್ಮ ನಾಲ್ಕು ಎಕರೆಯ ಮೇಲೆ ಒಂದು ಕೋಟಿ ಲೀಟರಿಗಿಂತ ಹೆಚ್ಚು ನೀರು ಸುರಿಯುತ್ತದೆ. ಒಂದೇ ಸಂಜೆ 40 ಮಿಲಿಮೀಟರ್ ಹೊಡೆದು, ಅದರಲ್ಲಿ ಮೂರನೆಯ ಒಂದು ಭಾಗ ಹರಿದುಹೋಯಿತು ಎನ್ನಿ. ಎರಡು ಲಕ್ಷ ಲೀಟರಿಗೂ ಮೀರಿದ ನೀರು ಗಡಿ ದಾಟಿ ಹೋದಂತಾಯಿತು.

ಮುಂದಿನ ದೊಡ್ಡ ಮಳೆಗೆ ಕೊಪ್ಪೆ ಹೊದ್ದುಕೊಂಡು ಅಪ್ಪ ಮಗ ಇಬ್ಬರೂ ಹೊಲದ ತಗ್ಗಿನ ಮೂಲೆಯಲ್ಲಿ ಹೋಗಿ ನಿಲ್ಲಿ. ಸಿಡಿಲು ಗುಡುಗು ಇದ್ದರೆ ಅದು ನಿಂತ ಮೇಲೆ ಹೋಗಿ. ಹೊರಗೆ ಹರಿಯುವ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಕೂತ ಕೆಂಪು ಪದರವನ್ನು ಬೆರಳಿಟ್ಟು ಅಳೆಯಿರಿ. ನೀವು ದುಡ್ಡು ಕೊಟ್ಟು ಹಾಕಿದ ಗೊಬ್ಬರ ಇರುವುದು ಆ ಮಣ್ಣಿನಲ್ಲೇ. ಹೀಗೆ ಬಾಟಲಿ ಹಿಡಿದು ನೋಡಿದ ಮೇಲೂ ಬದು ಹಾಕಿಸದ ರೈತರನ್ನು ನಾನು ಕಂಡಿಲ್ಲ.

ಹಾಗಾಗಿ ಮೊದಲ ಕೆಲಸ ಇಳಿಜಾರಿಗೆ ಅಡ್ಡಲಾಗಿ ಕಂದಕ ಬದು, ಅಂದರೆ ಕಂದಕ ತೋಡಿ ಆ ಮಣ್ಣಿನಿಂದಲೇ ಕಟ್ಟುವ ಬದು. ಮಟ್ಟ ನೋಡಲು ದೊಡ್ಡ ಯಂತ್ರವೇನೂ ಬೇಡ. ಗಾರೆ ಕೆಲಸದವರು ಬಳಸುವ, ನೀರು ತುಂಬಿದ ಲೆವೆಲ್ ಪೈಪ್ ಸಾಕು. ಬದುವಿಗೆ ಕಲ್ಲು ಜೋಡಿಸಿದ ಕೋಡಿ ಬಿಡುವುದನ್ನು ಮರೆಯಬೇಡಿ. ಹೆಚ್ಚಾದ ನೀರಿಗೆ ದಾರಿ ಇಲ್ಲದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ. ಆಗ ಬದುವಿನ ಜೊತೆಗೆ ಕೆಳಗಿನವರ ಪೈರೂ ಕೊಚ್ಚಿಹೋಗುತ್ತದೆ. ಬದುವಿನ ಮೇಲೆ ಲಾವಂಚ ನೆಡಿ. ಗುಂಡ್ಲುಪೇಟೆ ಭಾಗದ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚದ ಸಾಲು ಬೆಳೆಸುತ್ತ ಬಂದಿದ್ದರು. ಮಣ್ಣು ಕೊಚ್ಚುವುದನ್ನು ತಡೆಯಲು ಆ ಹುಲ್ಲನ್ನು ಹಲವು ದೇಶಗಳಲ್ಲಿ ಪ್ರಚಾರ ಮಾಡಿದವರು ಇವರ ಹೊಲಗಳನ್ನೇ ತೋರಿಸುತ್ತಿದ್ದರು. ನಮ್ಮಲ್ಲೇ ಇದ್ದ ವಿದ್ಯೆಯನ್ನು ನಾವೇ ಮರೆತಿದ್ದೇವೆ ಎಂಬ ನೋವು ನನಗಿದೆ.

ಎರಡನೆಯದು ಕೃಷಿ ಹೊಂಡ. ಮೇಲೆ ಹತ್ತು ಮೀಟರ್ ಚದರ, ಮೂರು ಮೀಟರ್ ಆಳ, ಬದಿಗಳು ಓರೆಯಾಗಿರುವ ಹೊಂಡದಲ್ಲಿ ಸುಮಾರು 1.56 ಲಕ್ಷ ಲೀಟರ್ ನಿಲ್ಲುತ್ತದೆ. ಇದನ್ನು ಒಂದು ಎಕರೆಗೆ ಹರಡಿದರೆ 38 ಮಿಲಿಮೀಟರ್ ಮಳೆಗೆ ಸಮ. ಇದರಿಂದ ಟೊಮೆಟೊ ಇಡೀ ಬೆಳೆ ತೆಗೆಯಲಾಗದು. ಆದರೆ ರಾಗಿ ತೆನೆ ಬರುವ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದು ಎಕರೆಗೆ ಒಂದೆರಡು ಸಲ ತುಂತುರು ನೀರು ಕೊಟ್ಟು ಬೆಳೆ ಉಳಿಸಿಕೊಳ್ಳಬಹುದು. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುವುದರಿಂದ ಹೊಂಡದ ತಳಕ್ಕೂ ಬದಿಗಳಿಗೂ ಹೊದಿಕೆ ಹಾಸಬೇಕು. ನೀರು ಒಳಬರುವ ಕಡೆ ಹೂಳು ಕೂರಲು ಸಣ್ಣ ಗುಂಡಿ ಇರಲಿ. ಸುತ್ತ ಬೇಲಿ ಕಡ್ಡಾಯ. ಹೊದಿಕೆ ಹಾಸಿದ ಹೊಂಡದ ಬದಿ ಜಾರುತ್ತದೆ, ಒಳಗೆ ಬಿದ್ದ ಮಗು ಹತ್ತಿ ಬರಲಾರದು. ಒಳಗೊಂದು ಗಂಟು ಹಾಕಿದ ಹಗ್ಗವನ್ನೂ ಇಳಿಬಿಡಿ.

ಇಲ್ಲೊಂದು ಮಾತು ಒತ್ತಿ ಹೇಳುತ್ತೇನೆ. ಕೊಳವೆಬಾವಿಯ ನೀರನ್ನು ಎತ್ತಿ ಕೃಷಿ ಹೊಂಡಕ್ಕೆ ತುಂಬಿಸುವುದನ್ನು ನಿಮ್ಮ ಸುತ್ತಮುತ್ತ ನೀವೂ ನೋಡಿರುತ್ತೀರಿ. ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ಆವಿಯಾದರೂ ಆ ಹೊಂಡದಿಂದ ನಿತ್ಯ 500 ಲೀಟರ್ ಗಾಳಿಗೆ ಹೋಗುತ್ತದೆ. ನೆಲದಡಿ ತಂಪಾಗಿದ್ದ ನೀರನ್ನು ವಿದ್ಯುತ್ ಸುಟ್ಟು ಬಿಸಿಲಿಗೆ ಹಾಕಿದಂತೆ. ವಿದ್ಯುತ್ ಹೊತ್ತಲ್ಲದ ಹೊತ್ತಿನಲ್ಲಿ ಬರುವುದರಿಂದ ನೀರು ಎತ್ತಿಡಬೇಕಾಗುತ್ತದೆ ಎಂಬುದು ನನಗೆ ಗೊತ್ತು. ಅದಕ್ಕೆ ಮುಚ್ಚಿದ ಸಣ್ಣ ತೊಟ್ಟಿ ಸಾಕು.

ಬತ್ತಿದ ಎರಡು ಬಾವಿಗಳಲ್ಲಿ ಒಂದನ್ನು ಮರುಪೂರಣಕ್ಕೆ, ಅಂದರೆ ಮಳೆ ನೀರನ್ನು ನೆಲದಡಿಗೆ ಇಳಿಸಲು, ಬಳಸಬಹುದು. ಕೇಸಿಂಗ್ ಪೈಪಿನ ಸುತ್ತ ಹತ್ತು ಅಡಿ ಗುಂಡಿ ತೆಗೆದು, ಪೈಪಿಗೆ ರಂಧ್ರ ಮಾಡಿ ನೈಲಾನ್ ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಬೇಕು. ಕೆಸರು ನೀರನ್ನು ನೇರವಾಗಿ ಬಿಟ್ಟರೆ ಬಿರುಕುಗಳು ಮುಚ್ಚಿಹೋಗುತ್ತವೆ. ಔಷಧ ಸಿಂಪಡಿಸಿದ ತೋಟದ ನೀರಂತೂ ಬೇಡವೇ ಬೇಡ. ಇಳಿದ ನೀರು ನಿಮ್ಮ ಬಾವಿಗೇ ಬರುತ್ತದೆ ಎಂಬ ಖಾತ್ರಿಯನ್ನು ನಾನು ಕೊಡಲಾರೆ, ಪಕ್ಕದವರ ಬಾವಿಗೂ ಹೋಗಬಹುದು. ಊರಿನ ಹತ್ತು ಜನ ಕೂಡಿ ಮಾಡಿದರೆ ಈ ಚಿಂತೆಯೇ ಇರುವುದಿಲ್ಲ. ಇನ್ನೊಂದು ಬಾವಿಯ ಬಾಯಿಯನ್ನು ಇವತ್ತೇ ಗಟ್ಟಿ ಮುಚ್ಚಳ ಹಾಕಿ ಭದ್ರಪಡಿಸಿ.

ಉಳಿದ ಒಂದು ಇಂಚು ನೀರನ್ನು ಒಂದು ಎಕರೆಗೆ ಮಾತ್ರ, ಹನಿ ನೀರಾವರಿ ಮತ್ತು ಒಣಹುಲ್ಲಿನ ಹೊದಿಕೆಯೊಂದಿಗೆ ಬಳಸಿ. ಅದರ ಅರ್ಧದಲ್ಲಿ ತರಕಾರಿ, ಇನ್ನರ್ಧದಲ್ಲಿ ಮರವಾಗಿ ಬೆಳೆಸಿದ ಹಿಪ್ಪುನೇರಳೆ ಇರಲಿ. ಸಾಲಿನ ಹಿಪ್ಪುನೇರಳೆಗಿಂತ ಅದಕ್ಕೆ ನೀರು ಕಡಿಮೆ ಸಾಕು. ಉಳಿದ ಮೂರು ಎಕರೆಗೆ ರಾಗಿ, ಎಂಟು ಸಾಲಿಗೆ ಎರಡು ಸಾಲು ತೊಗರಿ, ಅಕ್ಕಡಿಯಲ್ಲಿ (ನಡುನಡುವಿನ ಮಿಶ್ರಬೆಳೆಯ ಸಾಲಿನಲ್ಲಿ) ಅವರೆ, ಹುಚ್ಚೆಳ್ಳು. ಬದುವಿನ ಪಕ್ಕ ಸೀತಾಫಲ, ಹುಣಸೆ. ಇದರ ಆದಾಯ ಟೊಮೆಟೊ ಬೆಲೆ ಏರಿದ ವರ್ಷದಷ್ಟು ಬರುವುದಿಲ್ಲ ಎಂದು ಮಗನಿಗೆ ಮೊದಲೇ ಹೇಳಿ. ಟೊಮೆಟೊವನ್ನು ರಸ್ತೆಗೆ ಸುರಿದ ವರ್ಷಗಳ ಲೆಕ್ಕವನ್ನೂ ಅವನೇ ಬರೆಯಲಿ, ಕೊರೆಸುವ ಸಾಲದ ಬಡ್ಡಿಯನ್ನೂ ಸೇರಿಸಲಿ. ಬದು ಮತ್ತು ಹೊಂಡದ ಖರ್ಚಿಗೆ ಯಾವ ಯೋಜನೆಯಲ್ಲಿ ನೆರವು ಸಿಗುತ್ತದೆ ಎಂದು ಗ್ರಾಮ ಪಂಚಾಯಿತಿಯಲ್ಲೂ ರೈತ ಸಂಪರ್ಕ ಕೇಂದ್ರದಲ್ಲೂ ವಿಚಾರಿಸಿ.

ಪ್ರಶ್ನೆ: ನಮ್ಮೂರ ಕೆರೆಯ ಹೂಳೆತ್ತುತ್ತಿದ್ದಾರೆ. ಮಣ್ಣನ್ನು ಉಚಿತವಾಗಿ ಒಯ್ಯಬಹುದಂತೆ. ಹೊಲಕ್ಕೆ ಹೊಡೆಸಿದರೆ ಒಳ್ಳೆಯದೇ? ಎಷ್ಟು ಹಾಕಬೇಕು?

ಉತ್ತರ: ನಿಮ್ಮದು ಕೆಂಪು ಅಥವಾ ಮರಳು ಮಿಶ್ರಿತ ಮಣ್ಣಾದರೆ ಖಂಡಿತ ಹೊಡೆಸಿ. ಹೂಳಿನಲ್ಲಿ ಜೇಡಿ ಹೆಚ್ಚು, ಅದು ನೀರನ್ನು ಹಿಡಿದಿಡುತ್ತದೆ. ಎರಡು ಮಳೆಗಳ ನಡುವೆ ಅಂತರ ಬಿದ್ದಾಗ ಗೋಡು, ಅಂದರೆ ಕೆರೆಯ ಹೂಳು, ಹೊಡೆಸಿದ ಹೊಲದ ರಾಗಿ ಬಾಡುವುದು ತಡವಾಗುತ್ತದೆ. ಹಿಂದೆ ಬೇಸಿಗೆಯಲ್ಲಿ ಎತ್ತಿನ ಗಾಡಿಗಳಲ್ಲಿ ಕೆರೆಗೋಡು ಹೊಲ ಸೇರುತ್ತಿತ್ತು. ಮೇಲಿನ ಹೊಲಗಳಿಂದ ಕೊಚ್ಚಿಹೋದ ಮಣ್ಣು ಹಾಗೆ ಹಿಂದಿರುಗುತ್ತಿತ್ತು, ಕೆರೆಯೂ ಆಳ ಉಳಿಸಿಕೊಳ್ಳುತ್ತಿತ್ತು. ಕಪ್ಪು ಮಣ್ಣಿಗೆ ಮಾತ್ರ ಬೇಡ, ಅಲ್ಲಿ ಜೇಡಿ ಈಗಾಗಲೇ ಸಾಕಷ್ಟಿದೆ.

ಒಂದು ಸೆಂಟಿಮೀಟರ್ ದಪ್ಪ ಹರಡಲು ಎಕರೆಗೆ ಸುಮಾರು 40 ಘನ ಮೀಟರ್ ಬೇಕು. ನಿಮ್ಮ ಟ್ರೈಲರಿನ ಉದ್ದ, ಅಗಲ, ಎತ್ತರ ಅಳೆದರೆ ಎಷ್ಟು ಲೋಡು ಎಂದು ಗೊತ್ತಾಗುತ್ತದೆ. ಮೊದಲ ವರ್ಷ ಅಷ್ಟೇ ಸಾಕು. ಮಳೆಗೆ ಮುನ್ನ ಹರಡಿ, ಹೆಂಟೆಗಳು ಬಿಸಿಲಿಗೆ ಒಡೆಯಲಿ, ಮೊದಲ ಮಳೆಯ ನಂತರ ಕುಂಟೆ ಹೊಡೆಯಿರಿ. ಬಳ್ಳಾರಿ ಜಾಲಿಯ ಬೀಜ ಜೊತೆಗೆ ಬರುತ್ತದೆ, ಮೊಳಕೆಯಲ್ಲೇ ಕಿತ್ತುಹಾಕಿ.

ಮಣ್ಣು ಒಯ್ಯುವ ಮೊದಲು ರಸಸಾರ (ಹುಳಿ-ಕ್ಷಾರದ ಮಟ್ಟ) ಮತ್ತು ಲವಣಾಂಶ ಪರೀಕ್ಷೆ ಮಾಡಿಸಿ. ಊರಿನ ಅಥವಾ ಕಾರ್ಖಾನೆಯ ಕೊಳಚೆ ಸೇರುವ ಕೆರೆಯಾದರೆ ತರಬೇಡಿ. ಕೋಲಾರದ ಹಲವು ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಅಂಥ ಕೆರೆಯ ಹೂಳನ್ನು ಭಾರಲೋಹಗಳಿಗೂ ಪರೀಕ್ಷಿಸಿದ ಮೇಲೆಯೇ ಹೊಲಕ್ಕೆ ಹಾಕಿ. ಏರಿಯ ಬುಡದಲ್ಲಿ, ತೂಬಿನ ಹತ್ತಿರ ಅಗೆಯಲು ಯಾರಿಗೂ ಬಿಡಬೇಡಿ. ಹೂಳಿನ ಹೆಸರಿನಲ್ಲಿ ತಳದ ಗಟ್ಟಿ ಮಣ್ಣನ್ನೂ ತೋಡಿ ಇಟ್ಟಿಗೆ ಗೂಡಿಗೆ ಸಾಗಿಸುವುದು ನಡೆಯುತ್ತದೆ. ಕಂಡರೆ ಪಂಚಾಯಿತಿಗೆ ಲಿಖಿತವಾಗಿ ದೂರು ಕೊಡಿ.

ಪ್ರಶ್ನೆ: ಶಿರಾ ತಾಲ್ಲೂಕಿನವನು. ಈ ವರ್ಷದಿಂದ ಯೂರಿಯಾ ಪೂರ್ತಿ ಬಿಟ್ಟು ಜೀವಾಮೃತ ಮಾತ್ರ ಹಾಕು ಎಂದು ಗೆಳೆಯರು ಹೇಳುತ್ತಿದ್ದಾರೆ. ರಾಗಿ ಇಳುವರಿ ಬೀಳುವುದಿಲ್ಲವೇ?

ಉತ್ತರ: ಒಂದೇ ವರ್ಷದಲ್ಲಿ ಪೂರ್ತಿ ಬಿಟ್ಟರೆ ಬೀಳುತ್ತದೆ. ಬಿಡಬೇಕೆಂಬ ಇಚ್ಛೆ ಒಳ್ಳೆಯದು, ಲೆಕ್ಕ ತಿಳಿದು ಬಿಡಿ.

ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು ಹಾಕಿದ 200 ಲೀಟರ್ ಜೀವಾಮೃತದಲ್ಲಿ ಇರುವ ಸಾರಜನಕ ಹೆಚ್ಚೆಂದರೆ ಕಾಲು ಕಿಲೋ. ಮಳೆಯಾಶ್ರಿತ ರಾಗಿಗೆ ಶಿಫಾರಸು ಎಕರೆಗೆ ಸುಮಾರು 20 ಕಿಲೋ. ಜೀವಾಮೃತವನ್ನು ಮಣ್ಣಿನ ಜೀವಿಗಳಿಗೆ ಕೊಡುವ ಹೆಪ್ಪು ಎಂದುಕೊಳ್ಳಿ. ಹಾಲೇ ಇಲ್ಲದಿದ್ದರೆ ಹೆಪ್ಪು ಹಾಕಿ ಏನು ಪ್ರಯೋಜನ? ಇಲ್ಲಿ ಹಾಲು ಎಂದರೆ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ ಗಿಡದ ಸೊಪ್ಪು, ತೊಗರಿ ಮತ್ತು ಅವರೆಯ ಉದುರೆಲೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಕರೆಗೆ ಮೂರು ಟನ್ ಹಾಕಿದರೆ ಅದರಲ್ಲೇ ಸುಮಾರು 15 ಕಿಲೋ ಸಾರಜನಕ ಇರುತ್ತದೆ. ಆದರೆ ಅದು ಒಂದೇ ವರ್ಷದಲ್ಲಿ ಬಿಡುಗಡೆಯಾಗುವುದಿಲ್ಲ. ಅದಕ್ಕಾಗಿಯೇ ಮೂರು ನಾಲ್ಕು ವರ್ಷ ಬೇಕು ಎನ್ನುವುದು.

ಇನ್ನೊಂದು ತಪ್ಪನ್ನು ಈಗಲೇ ಸರಿಪಡಿಸಿಕೊಳ್ಳಬಹುದು. 45 ಕಿಲೋ ಯೂರಿಯಾ ಮೂಟೆಯಲ್ಲಿ 20 ಕಿಲೋ ಚಿಲ್ಲರೆ ಸಾರಜನಕವಿದೆ. ಬಿತ್ತುವಾಗ ಒಂದು ಮೂಟೆ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಹಾಕಿದ್ದರೆ ಅದರಲ್ಲೇ ಒಂಬತ್ತು ಕಿಲೋ ಬಂದಾಯಿತು. ಆಮೇಲೆ ಎಕರೆಗೆ ಅರ್ಧ ಮೂಟೆ ಯೂರಿಯಾ ಸಾಕು. ನನ್ನ ಬಳಿ ಬಂದು ಮಾತನಾಡುವ ಬಹಳಷ್ಟು ರೈತರು ಎರಡನ್ನೂ ಪೂರ್ತಿ ಸುರಿದಿರುತ್ತಾರೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಸತು, ಬೋರಾನ್, ಗಂಧಕದ ಸಾಲುಗಳನ್ನೂ ನೋಡಿ. 2009ರಲ್ಲಿ ಶುರುವಾದ, ರಾಜ್ಯ ಸರ್ಕಾರದ ಭೂಚೇತನ ಯೋಜನೆಯ ಪರೀಕ್ಷೆಗಳಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಈ ಮೂರರ ಕೊರತೆ ವ್ಯಾಪಕವಾಗಿ ಕಂಡಿತ್ತು. ಇವು ಕಡಿಮೆ ಇದ್ದಾಗ ಯೂರಿಯಾ ಎಷ್ಟು ಹಾಕಿದರೂ ಇಳುವರಿ ಏರುವುದಿಲ್ಲ.

ಈ ಮುಂಗಾರಿಗೆ ಹೊಲದ ಕಾಲು ಭಾಗದಲ್ಲಿ ಮಾತ್ರ ಯೂರಿಯಾ ಬಿಡಿ. ಜೊತೆಗೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಹೊಲದ ನಡುವಿನ ಒಂದು ಒಣ ಹೆಂಟೆ, ಬದುವಿನ ಹೊಂಗೆ ಮರದ ಬುಡದ ಒಂದು ಒಣ ಹೆಂಟೆ ತನ್ನಿ. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ ಒಂದೊಂದನ್ನು ಮೆಲ್ಲಗೆ ಇಳಿಸಿ. ಹೊಲದ್ದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಬೂದಿಯಂತೆ ಕುಸಿದು ನೀರು ರಾಡಿಯಾಗುತ್ತದೆ. ಮರದ ಬುಡದ್ದು ಬಹಳ ಹೊತ್ತು ಗಟ್ಟಿಯಾಗಿ ಕೂತಿರುತ್ತದೆ. ಉದುರೆಲೆ ಕೊಳೆತು ಆದ ಅಂಟೇ ಅದನ್ನು ಹಿಡಿದಿರುವುದು. ಪ್ರತಿವರ್ಷ ಬಿತ್ತುವ ಮುನ್ನ ಹೀಗೆ ಮಾಡಿ. ಆ ಕಾಲು ಭಾಗದ ಹೆಂಟೆ ನೀರಿನಲ್ಲಿ ನಿಲ್ಲತೊಡಗಿದ ವರ್ಷ ಇನ್ನೊಂದು ಕಾಲು ಭಾಗಕ್ಕೆ ಮುಂದುವರಿಯಿರಿ.

ಪ್ರಶ್ನೆ: ಪಕ್ಕದ ಜಮೀನಿನ ನೀಲಗಿರಿಯಿಂದ ನಮ್ಮ ಗಡಿಯ ಹತ್ತು ಸಾಲು ರಾಗಿ ಏಳುವುದೇ ಇಲ್ಲ. ಏನು ಮಾಡಲಿ?

ಉತ್ತರ: ಗಡಿಯ ನಿಮ್ಮ ಬದಿಯಲ್ಲಿ ಮೂರು ಅಡಿ ಆಳದ ಕಂದಕ ತೆಗೆಸಿ. ಮೇಲ್ಪದರದ ಬೇರುಗಳು ತುಂಡಾಗುತ್ತವೆ, ಮಳೆ ನೀರೂ ಅಲ್ಲಿ ಇಂಗುತ್ತದೆ. ಎರಡು ವರ್ಷಕ್ಕೊಮ್ಮೆ ಕಂದಕವನ್ನು ಬಿಡಿಸದಿದ್ದರೆ ಬೇರು ಮತ್ತೆ ದಾಟುತ್ತದೆ. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೆ ಹಳೆಯ ಬುಡ ಕಡಿದಷ್ಟೂ ಚಿಗುರುತ್ತದೆ. ಈ ಸಲ ಕಟಾವಿಗೆ ಬಂದಾಗ ಬುಡವನ್ನೂ ಕೀಳಿಸುವಂತೆ ನೆರೆಯವರನ್ನು ಕೇಳಿಕೊಳ್ಳಿ. ಜೆಸಿಬಿ ಬಾಡಿಗೆಯಲ್ಲಿ ಗಡಿಯ ಸಾಲಿನಷ್ಟನ್ನು ನೀವೇ ಹಂಚಿಕೊಳ್ಳುತ್ತೇನೆಂದರೆ ಅವರು ಒಪ್ಪಬಹುದು.