ಸಂಪಾದಕರ ಉತ್ತರ: ರಾಜಕಾರಣದ ನಡುವೆ ಹದಿನಾರು ವರ್ಷ

ಮಾನ್ಯರೆ,

ಮಧುಗಿರಿಯಿಂದ ತಾವು ಬರೆದ ಪತ್ರ ನಮ್ಮ ತುಮಕೂರಿನ ಕಚೇರಿಗೆ ತಲುಪಿದೆ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತಾವು ಎತ್ತಿರುವ ಆಕ್ಷೇಪವನ್ನು, ಪತ್ರ ಓದಿರದ ಇತರರ ಅನುಕೂಲಕ್ಕಾಗಿ, ಮೊದಲು ಸಂಗ್ರಹಿಸಿ ಹೇಳುತ್ತೇನೆ. ಹೆಗ್ಡೆಯವರು 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದವರು, 1977ರಲ್ಲಿ ಜನತಾ ಪಕ್ಷದಿಂದ ಲೋಕಸಭೆಗೆ ಹೋದವರು. ನಡುವೆ ನ್ಯಾಯಪೀಠದಲ್ಲಿದ್ದ ಹದಿನಾರು ವರ್ಷ ಮಾತ್ರ ಅವರು ಪಕ್ಷಾತೀತರಾಗಿದ್ದರೆಂದು ನಂಬುವುದು ಹೇಗೆ ಎಂದು ತಾವು ಕೇಳಿದ್ದೀರಿ. 1973ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಪದವಿ ಕೈತಪ್ಪಿದ ಸಿಟ್ಟಿಗೆ ಕೊಟ್ಟ ರಾಜೀನಾಮೆಯನ್ನು ನಾವು ತತ್ತ್ವದ ಹೋರಾಟವೆಂದು ಬಣ್ಣಿಸಿದ್ದೇವೆ ಎಂಬುದು ತಮ್ಮ ದೂರು. ದೆಹಲಿಯ ದೊಡ್ಡವರ ಈ ಜಗಳದಿಂದ ನಮ್ಮ ತಾಲ್ಲೂಕು ಕೋರ್ಟಿಗೆ ಅಲೆಯುವವನಿಗೆ ಆಗಬೇಕಾದದ್ದೇನು, ನ್ಯಾಯಮೂರ್ತಿಗಳು ನಿವೃತ್ತರಾದ ಮೇಲೆ ಚುನಾವಣೆಗೆ ನಿಲ್ಲುವುದನ್ನು ತಡೆಯಬಾರದೇಕೆ ಎಂಬ ಪ್ರಶ್ನೆಗಳೂ ಜೊತೆಗಿವೆ.

ತಾವು ಕೊಟ್ಟಿರುವ ಇಸವಿಗಳಲ್ಲಿ ತಪ್ಪಿಲ್ಲ. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಹೆಗ್ಡೆಯವರು ವಕೀಲರಾಗಿ, ಸರ್ಕಾರಿ ಅಭಿಯೋಜಕರಾಗಿ ಕೆಲಸ ಮಾಡಿದವರು. ದಕ್ಷಿಣ ಕನ್ನಡ ಆಗ ಮದ್ರಾಸು ರಾಜ್ಯಕ್ಕೆ ಸೇರಿದ್ದರಿಂದ ಆ ರಾಜ್ಯದ ಪರವಾಗಿ ರಾಜ್ಯಸಭೆಯಲ್ಲಿ ಕೂತರು. 1957ರಲ್ಲಿ ಸದಸ್ಯತ್ವ ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. 1966ರಲ್ಲಿ ಹೊಸದಾಗಿ ಸ್ಥಾಪನೆಯಾದ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಇಂದಿನ ಓದುಗರಲ್ಲಿ ಹೆಚ್ಚಿನವರಿಗೆ ಲೋಕಾಯುಕ್ತರಾಗಿದ್ದ ಅವರ ಮಗ ಸಂತೋಷ್ ಹೆಗ್ಡೆಯವರ ಹೆಸರೇ ಹೆಚ್ಚು ಪರಿಚಿತವಾದ್ದರಿಂದ ಇಷ್ಟನ್ನು ಹೇಳಬೇಕಾಯಿತು.

ಆದರೆ ಈ ಇಸವಿಗಳಿಂದ ತಾವು ತೆಗೆದ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಒಬ್ಬ ನ್ಯಾಯಮೂರ್ತಿ ಎಲ್ಲಿಂದ ಬಂದರು, ಆಮೇಲೆ ಎಲ್ಲಿಗೆ ಹೋದರು ಎಂಬುದು ಅನುಮಾನಕ್ಕೆ ಕಾರಣವಾಗಬಹುದು. ಆ ಅನುಮಾನ ನಿಜವೋ ಸುಳ್ಳೋ ಎಂಬುದನ್ನು ಅವರು ಬರೆದ ತೀರ್ಪುಗಳಲ್ಲೇ ನೋಡಬೇಕು. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ವಿ.ಆರ್. ಕೃಷ್ಣ ಅಯ್ಯರ್ ಅವರು 1957ರ ಕೇರಳದ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಅವರ ತೀರ್ಪುಗಳನ್ನು ಪಕ್ಷದ ಕರಪತ್ರವೆಂದು ಯಾರೂ ತಳ್ಳಿಹಾಕುವುದಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಕಾಂಗ್ರೆಸ್ಸಿನ ರಾಜ್ಯಸಭಾ ಸದಸ್ಯರಾಗಿದ್ದ ಬಹರುಲ್ ಇಸ್ಲಾಂ ಅವರು 1980ರಲ್ಲಿ ಸುಪ್ರೀಂ ಕೋರ್ಟಿಗೆ ಬಂದರು. ಬಿಹಾರದ ಕಾಂಗ್ರೆಸ್ ಮುಖ್ಯಮಂತ್ರಿಯ ಮೇಲಿನ ಮೊಕದ್ದಮೆಯನ್ನು ಸರ್ಕಾರ ಹಿಂತೆಗೆದುಕೊಳ್ಳಬಹುದೆಂದು 1982ರ ಡಿಸೆಂಬರಿನಲ್ಲಿ ಕೊಟ್ಟ ಬಹುಮತದ ತೀರ್ಪಿನಲ್ಲಿ ಭಾಗಿಯಾದರು. ಮರು ತಿಂಗಳೇ, ನಿವೃತ್ತಿಗೆ ಕೆಲವು ವಾರಗಳಿರುವಾಗ, ರಾಜೀನಾಮೆಯಿತ್ತು ಮತ್ತೆ ಕಾಂಗ್ರೆಸ್ ರಾಜಕಾರಣಕ್ಕೆ ಮರಳಿದರು. ತಮ್ಮ ಅನುಮಾನ ಅಲ್ಲಿ ಸಲ್ಲುತ್ತದೆ, ಏಕೆಂದರೆ ಅಲ್ಲಿ ತೀರ್ಪಿಗೂ ಅದರ ನಂತರದ ನಡೆಗೂ ನಡುವೆ ಉಸಿರಾಡುವಷ್ಟು ಅಂತರವೂ ಇಲ್ಲ.

ಹೆಗ್ಡೆಯವರದ್ದೇ ತೀರ್ಪುಗಳನ್ನು ನೋಡೋಣ. ಕಾಂಗ್ರೆಸ್ಸಿನಿಂದ ಬಂದವರು ಕಾಂಗ್ರೆಸ್ ಸರ್ಕಾರಕ್ಕೆ ಅನುಕೂಲವಾಗಿ ನಡೆದುಕೊಂಡರೇ? 1970ರ ಬ್ಯಾಂಕ್ ರಾಷ್ಟ್ರೀಕರಣದ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೈಕಿ ಹತ್ತು ಮಂದಿ ಸರ್ಕಾರದ ಕಾನೂನನ್ನು ರದ್ದುಮಾಡಿದಾಗ ಹೆಗ್ಡೆಯವರು ಆ ಹತ್ತರಲ್ಲಿದ್ದರು. ಒಬ್ಬರೇ ಭಿನ್ನಮತ ಬರೆದವರು ಎ.ಎನ್. ರಾಯ್. ಹಳೆಯ ಸಂಸ್ಥಾನಗಳ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನದ ಪ್ರಕರಣದಲ್ಲೂ ಹೆಗ್ಡೆಯವರು ಸರ್ಕಾರದ ವಿರುದ್ಧವೇ. 1972ರಲ್ಲಿ, ಇಂದಿರಾ ಗಾಂಧಿಯವರ ಎದುರು ಸೋತಿದ್ದ ರಾಜನಾರಾಯಣ್ ಅವರ ಚುನಾವಣಾ ತಕರಾರಿನಲ್ಲಿ, ಇಂದಿರಾ ಅವರು ಯಾವ ದಿನದಿಂದ ಅಭ್ಯರ್ಥಿಯೆಂದು ತಮ್ಮನ್ನು ತೋರಿಸಿಕೊಂಡರು ಎಂಬ ಪ್ರಶ್ನೆಯನ್ನು ವಿಚಾರಣೆಗೆ ಉಳಿಸಿದ್ದು ಹೆಗ್ಡೆಯವರು ಬರೆದ ತೀರ್ಪು. ಮೂರು ವರ್ಷಗಳ ಮೇಲೆ, ಇಂದಿರಾ ಅವರ ಆಯ್ಕೆಯನ್ನೇ ಅಲಹಾಬಾದ್ ಹೈಕೋರ್ಟು ರದ್ದುಮಾಡಿದಾಗ, ಆ ಪ್ರಶ್ನೆ ಎಷ್ಟು ದೊಡ್ಡದಾಯಿತೆಂಬುದು ತಮಗೆ ಗೊತ್ತೇ ಇದೆ.

ಹಾಗಿದ್ದರೆ ಅವರು ಸರ್ಕಾರದ ವಿರೋಧಿಯೇ ಎಂದು ತಾವು ತಿರುಗಿ ಕೇಳಬಹುದು. ಕೇಶವಾನಂದ ಭಾರತಿ ಪ್ರಕರಣ ಅದಕ್ಕೆ ಉತ್ತರ ಕೊಡುತ್ತದೆ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹೂಡಿದ್ದ ಆ ದಾವೆಯನ್ನು ಹದಿಮೂರು ನ್ಯಾಯಮೂರ್ತಿಗಳು 68 ದಿನ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಲ್ಲಿ ತೀರ್ಮಾನಿಸಿದರು. ಮೂಲಭೂತ ಹಕ್ಕುಗಳನ್ನೂ ಸಂಸತ್ತು ತಿದ್ದಬಹುದೆಂಬ 24ನೇ ತಿದ್ದುಪಡಿ ಸಿಂಧುವೆಂದು ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರೊಡನೆ ಕೂಡಿ ಬರೆದರು. ಸರ್ಕಾರಕ್ಕೆ ಬಹಳ ಬೇಕಾಗಿದ್ದದ್ದು ಅದೇ. ಜೊತೆಗೆ, ತಿದ್ದುವ ಅಧಿಕಾರದಿಂದ ಸಂವಿಧಾನದ ಮೂಲರಚನೆಯನ್ನೇ ಕೆಡವಲಾಗದೆಂದೂ, ನ್ಯಾಯಾಲಯದ ಪರಿಶೀಲನೆಗೆ ಬಾಗಿಲು ಹಾಕುವ 31ಸಿ ವಿಧಿ ನಿಲ್ಲದೆಂದೂ ಬರೆದರು. ಹಗೆ ಸಾಧಿಸುವವರು ಅರ್ಧ ಕೊಟ್ಟು ಅರ್ಧ ತಡೆಯುವ ಶ್ರಮ ತೆಗೆದುಕೊಳ್ಳುವುದಿಲ್ಲ.

ಇನ್ನು ರಾಜೀನಾಮೆಯ ಮಾತು. ತೀರ್ಪು ಬಂದ ಮರುದಿನವೇ, ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾಗುವ ಹೊತ್ತಿಗೆ, ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಹಿರಿತನದಲ್ಲಿ ನಾಲ್ಕನೆಯವರಾದ ರಾಯ್ ಅವರನ್ನು ಮುಂದಿನ ಮುಖ್ಯ ನ್ಯಾಯಮೂರ್ತಿಯೆಂದು ಸರ್ಕಾರ ಹೆಸರಿಸಿತು. ಹೀಗೆ ಬದಿಗಿಟ್ಟ ಮೂವರೂ ಕೇಶವಾನಂದ ತೀರ್ಪಿನ ಬಹುಮತದಲ್ಲಿದ್ದವರು, ರಾಯ್ ಅಲ್ಪಮತದಲ್ಲಿದ್ದವರು. ಹಿರಿತನವೊಂದೇ ಮಾನದಂಡವಾಗಬಾರದೆಂದು ಕಾನೂನು ಆಯೋಗ 1958ರಲ್ಲೇ ಹೇಳಿತ್ತು ಎಂಬ ತಮ್ಮ ಮಾತು ನಿಜ. ಮಂತ್ರಿ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಹಿಡಿದ ವಾದವೂ ಅದೇ. ಆದರೆ ಆಯೋಗ ಕೇಳಿದ್ದು ಹೆಚ್ಚಿನ ಯೋಗ್ಯತೆಯನ್ನು, ಕುಮಾರಮಂಗಲಂ ಕೇಳಿದ್ದು ಸರ್ಕಾರಕ್ಕೆ ಒಗ್ಗುವ ದೃಷ್ಟಿಕೋನವನ್ನು. ಅದಕ್ಕೂ ಮುಂಚೆ, 1964ರಲ್ಲಿ, ನ್ಯಾಯಮೂರ್ತಿ ಇಮಾಂ ಅವರನ್ನು ದಾಟಲಾಗಿತ್ತು. ಅದು ಅನಾರೋಗ್ಯದ ಕಾರಣಕ್ಕೆ.

ಇಲ್ಲಿ ಹುಟ್ಟಿದ ದಿನಾಂಕಗಳನ್ನು ಒಮ್ಮೆ ಲೆಕ್ಕಹಾಕಿ ನೋಡುವುದು ಒಳ್ಳೆಯದು, ಏಕೆಂದರೆ ಪದವಿಯ ಆಸೆಯ ಮಾತು ಅಲ್ಲಿ ಸ್ವಲ್ಪ ಇಳಿಯುತ್ತದೆ. ನಿವೃತ್ತಿಯ ವಯಸ್ಸು 65. ಶೇಲತ್ ಅವರಿಗೆ ಸಿಗುತ್ತಿದ್ದದ್ದು ಮೂರು ತಿಂಗಳೂ ತುಂಬದ ಅವಧಿ. ಆಮೇಲೆ ಹೆಗ್ಡೆಯವರು 1974ರ ಜೂನ್‌ವರೆಗೆ, ಸುಮಾರು ಹನ್ನೊಂದು ತಿಂಗಳು. ಆಮೇಲೆ ಗ್ರೋವರ್ 1977ರ ಫೆಬ್ರವರಿವರೆಗೆ. ರಾಯ್ ಅದಕ್ಕೂ ಕೆಲವೇ ದಿನ ಮುಂಚೆ, ಜನವರಿ ಕೊನೆಯಲ್ಲಿ, ನಿವೃತ್ತರಾಗಬೇಕಿತ್ತು. ಅಂದರೆ ಮೂವರಲ್ಲಿ ಒಬ್ಬರನ್ನು ಮಾತ್ರ ದಾಟಿದ್ದರೆ ಸರ್ಕಾರದ ಕೆಲಸ ಆಗುತ್ತಿರಲಿಲ್ಲ. ಮೂವರನ್ನೂ ಒಟ್ಟಿಗೆ ದಾಟಿದ್ದರಿಂದಲೇ ತುರ್ತುಪರಿಸ್ಥಿತಿಯ ಬಹುಪಾಲು ಕಾಲವೂ ಸೇರಿದಂತೆ ಮುಂದಿನ ಮೂರೂಮುಕ್ಕಾಲು ವರ್ಷ ಮುಖ್ಯ ನ್ಯಾಯಮೂರ್ತಿಯ ಸ್ಥಾನದಲ್ಲಿ ರಾಯ್ ಇದ್ದರು. ಹೆಗ್ಡೆಯವರಿಗೆ ನೋವಾಗಿರಲಿಲ್ಲವೆಂದು ನಾನು ವಾದಿಸುವುದಿಲ್ಲ, ಆಗದಿದ್ದರೆ ಅದೇ ಆಶ್ಚರ್ಯ. ಆದರೆ ಮೂವರೂ ರಾಜೀನಾಮೆ ಕೊಟ್ಟದ್ದು ತಮಗಿಂತ ಕಿರಿಯರ ಕೈಕೆಳಗೆ ಕೂತು, ಅದೇ ಸರ್ಕಾರದ ಮೊಕದ್ದಮೆಗಳನ್ನು ಏನೂ ಆಗದವರಂತೆ ಕೇಳಲಾಗದು ಎಂದು ತೋರಿಸಲು. ಸಿಟ್ಟಿನ ಜೊತೆಗೆ ತತ್ತ್ವವೂ ಇರಬಾರದೆಂದು ಯಾವ ನಿಯಮವೂ ಇಲ್ಲ.

ತಾಲ್ಲೂಕು ಕೋರ್ಟಿನವನಿಗೆ ಏನು ಬಂತೆಂಬುದು ತಮ್ಮ ಪತ್ರದ ಅತ್ಯುತ್ತಮ ಪ್ರಶ್ನೆ. ಅದಕ್ಕೆ ಉತ್ತರ ಕೇಶವಾನಂದದಲ್ಲಲ್ಲ, 1969ರ ಕ್ರೈಪಾಕ್ ತೀರ್ಪಿನಲ್ಲಿದೆ. ನಮ್ಮ ಲೇಖಕರು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದರು. ಜಮ್ಮು ಕಾಶ್ಮೀರದ ಅರಣ್ಯಾಧಿಕಾರಿಗಳಲ್ಲಿ ಯಾರನ್ನು ಭಾರತೀಯ ಅರಣ್ಯ ಸೇವೆಗೆ ತೆಗೆದುಕೊಳ್ಳಬೇಕೆಂದು ಆರಿಸಲು ಒಂದು ಮಂಡಳಿ ಕೂತಿತು. ಅದರಲ್ಲಿ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಸದಸ್ಯರು. ಅದೇ ಹುದ್ದೆಗೆ ಅವರೂ ಅಭ್ಯರ್ಥಿ. ತಮ್ಮ ಹೆಸರು ಚರ್ಚೆಗೆ ಬಂದಾಗ ಎದ್ದುಹೋದರು, ಪೈಪೋಟಿಗಾರರ ಹೆಸರುಗಳು ಬಂದಾಗ ಒಳಗೇ ಇದ್ದರು. ಪಟ್ಟಿ ಹೊರಬಿದ್ದಾಗ ಅವರ ಹೆಸರು ಮೊದಲನೆಯದು. ಅವರ ವಿರುದ್ಧ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಿದ್ದ ಹಿರಿಯ ಅಧಿಕಾರಿಯ ಹೆಸರು ಪಟ್ಟಿಯಲ್ಲೇ ಇಲ್ಲ. ಇದು ಬರೀ ಆಡಳಿತದ ಕೆಲಸ, ತಮ್ಮದೇ ವಿಷಯದಲ್ಲಿ ತಾವೇ ತೀರ್ಪುಗಾರರಾಗಬಾರದೆಂಬಂಥ ಸಹಜ ನ್ಯಾಯದ ನಿಯಮವನ್ನು ಕೋರ್ಟಿನಂತೆ ಪಾಲಿಸಬೇಕಿಲ್ಲವೆಂದು ಸರ್ಕಾರ ವಾದಿಸಿತು. ಐವರ ಪೀಠಕ್ಕಾಗಿ ಹೆಗ್ಡೆಯವರು ಬರೆದ ತೀರ್ಪು ಆ ಪಟ್ಟಿಯನ್ನು ರದ್ದುಮಾಡಿತು. ಆಡಳಿತಾಧಿಕಾರಕ್ಕೂ ಕೋರ್ಟಿನಂತೆ ತೀರ್ಮಾನಿಸುವ ಅರೆ-ನ್ಯಾಯಿಕ ಅಧಿಕಾರಕ್ಕೂ ನಡುವಿನ ಗೆರೆ ಅಳಿಸಿಹೋಗುತ್ತಿದೆ, ಅನ್ಯಾಯ ಆಡಳಿತದ ಕಡೆಯಿಂದ ಬಂದರೂ ಅದನ್ನು ತಡೆಯಲೇಬೇಕು, ಪಕ್ಷಪಾತ ನಡೆದೇ ನಡೆಯಿತೆಂದು ರುಜುವಾತು ಮಾಡಬೇಕಿಲ್ಲ, ನಡೆಯುವ ಸಂಭವವಿದ್ದರೆ ಸಾಕು ಎಂಬುದು ಅದರ ತಿರುಳು.

ನಮ್ಮ ಜಿಲ್ಲೆಯ ಯಾವುದಾದರೂ ಸಹಕಾರ ಸಂಘದಲ್ಲಿ ಗುಮಾಸ್ತೆಯ ಹುದ್ದೆಗೆ ಸಂದರ್ಶನ ನಡೆಸುವ ಸಮಿತಿಯಲ್ಲಿ ಅಭ್ಯರ್ಥಿಯ ಮಾವನೇ ಕೂತಿದ್ದರೆ, ಇಲ್ಲವೇ ದೂರು ಕೊಟ್ಟ ಅಧಿಕಾರಿಯೇ ಇಲಾಖಾ ವಿಚಾರಣೆಯನ್ನೂ ನಡೆಸಿದರೆ, ನೊಂದವನ ಪರವಾಗಿ ವಕೀಲರು ಮೊದಲು ಹಿಡಿಯುವ ತೀರ್ಪುಗಳಲ್ಲಿ ಇದೊಂದು. ಅದನ್ನು ಬರೆದವರು ಹಿಂದೆ ಯಾವ ಪಕ್ಷದಲ್ಲಿದ್ದರೆಂದು ಆ ಗುಮಾಸ್ತೆಯೂ ಕೇಳುವುದಿಲ್ಲ, ಎದುರು ಪಕ್ಷದ ವಕೀಲರೂ ಕೇಳುವುದಿಲ್ಲ.

ಕೊನೆಗೆ ಚುನಾವಣೆಯ ಪ್ರಶ್ನೆ. ಸುಪ್ರೀಂ ಕೋರ್ಟಿನಿಂದ ನಿವೃತ್ತರಾದವರು ದೇಶದ ಯಾವ ಕೋರ್ಟಿನಲ್ಲೂ ವಕಾಲತ್ತು ನಡೆಸಬಾರದೆಂದು ಸಂವಿಧಾನದ 124ನೇ ವಿಧಿ ಹೇಳುತ್ತದೆ. ಚುನಾವಣೆಯ ಬಗ್ಗೆ ಅದರಲ್ಲಿ ಮಾತಿಲ್ಲ. ಶಾಶ್ವತ ನಿಷೇಧ ನನಗೆ ಸರಿಯೆನಿಸುವುದಿಲ್ಲ, ಮತದಾರರ ಮುಂದೆ ಹೋಗುವ ಹಕ್ಕು ಅವರಿಗೂ ಇದೆ. ಆದರೆ ಪೀಠದಿಂದ ಇಳಿದ ಮೇಲೆ ಎರಡು ವರ್ಷವಾದರೂ ಸರ್ಕಾರದ ನೇಮಕ, ಪಕ್ಷದ ಟಿಕೆಟ್ಟು, ರಾಜ್ಯಸಭೆಯ ಸ್ಥಾನ ಯಾವುದೂ ಸಿಗದಂತೆ ಕಾನೂನು ಮಾಡುವುದಾದರೆ ನಾನು ತಮ್ಮ ಜೊತೆಗಿದ್ದೇನೆ. ಅಂಥ ಕಾನೂನು ಅಂದೇ ಇದ್ದಿದ್ದರೂ ಹೆಗ್ಡೆಯವರಿಗೆ ಅಡ್ಡಿಯಾಗುತ್ತಿರಲಿಲ್ಲ. 1973ರ ಏಪ್ರಿಲಿನಲ್ಲಿ ಪೀಠ ಬಿಟ್ಟವರು ಬೆಂಗಳೂರು ದಕ್ಷಿಣದಲ್ಲಿ ನಿಂತದ್ದು 1977ರ ಮಾರ್ಚಿನಲ್ಲಿ, ಅದೂ ನಮ್ಮ ತುಮಕೂರು, ಕೋಲಾರಗಳೂ ಸೇರಿ ರಾಜ್ಯದ 28 ಕ್ಷೇತ್ರಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದ ಚುನಾವಣೆಯಲ್ಲಿ. ಪದವಿಯ ಲೆಕ್ಕಾಚಾರವಿದ್ದವರು ಆ ವರ್ಷ ಕರ್ನಾಟಕದಲ್ಲಿ ಜನತಾ ಪಕ್ಷದ ಟಿಕೆಟ್ಟನ್ನು ಕೇಳುತ್ತಿರಲಿಲ್ಲ.

— ಸಂಪಾದಕ