ಟ್ಯೂಬ್ ಬದಲಿಸೋ ಮುಂಚೆ ಕ್ಯಾಪ್ಸೂಲ್ ನೋಡಿ ಸರ್

ಮಂಡ್ಯದಿಂದ ಕೇಳಿದ್ದೀರಲ್ಲ ಸರ್, ಚೀನಾದ ಟ್ಯೂಬ್ ಮೈಕ್ (ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್ ಒಳಗಿರೋದು) ತಗೊಂಡಿದ್ದೀರಿ, ಹಾಡುವಾಗ ಸ, ಶ ಬಂದ ಕಡೆಯೆಲ್ಲ ಕಿವಿಗೆ ಚುಚ್ಚುತ್ತದೆ, ಹಳೇ ಕಾಲದ ಒಳ್ಳೆ ಟ್ಯೂಬ್ ಹಾಕಿದರೆ ಸರಿಹೋಗುತ್ತಾ ಅಂತ. ಹೋಗಲ್ಲ. ನಾನೂ ಮೊದಲು ಅದನ್ನೇ ಮಾಡಿದ್ದೆ. 4 ಸಾವಿರ ಕೊಟ್ಟು ಹಳೇ ಸ್ಟಾಕಿನ 12ಎಟಿ7 ಅನ್ನೋ ಟ್ಯೂಬ್ ತರಿಸಿದೆ. ಹಿಂದೆ ಕೇಳುತ್ತಿದ್ದ ಬುಸ್ ಅನ್ನೋ ಶಬ್ದ ಕಮ್ಮಿ ಆಯ್ತು, ಅಷ್ಟೇ. ಅತ್ತಿಗೆ ವೀಣೆ ನುಡಿಸಿದರೆ ನಾದಕ್ಕಿಂತ ಮುಂಚೆ ಉಗುರಿನ ಟಿಕ್ ಟಿಕ್ಕೇ ಕೇಳುತ್ತಿತ್ತು.

ತೊಂದರೆ ಇರೋದು ಕ್ಯಾಪ್ಸೂಲ್ (ದನಿ ಹಿಡಿಯುವ ಪೊರೆ ಇರುವ ಭಾಗ) ಮತ್ತು ಸರ್ಕ್ಯೂಟಿನ ಜೋಡಿಯಲ್ಲಿ. ಇಂಥ ಮೈಕುಗಳಲ್ಲಿ ಬಹಳಷ್ಟಕ್ಕೆ ಕೆ67 ಮಾದರಿಯ ಕ್ಯಾಪ್ಸೂಲ್ ಹಾಕಿರುತ್ತಾರೆ. ಅದು ಜರ್ಮನಿಯ ನಾಯ್‌ಮನ್ ಕಂಪನಿಯ 1960ರ ಯು67 ಮೈಕಿನದು. ಈ ಕ್ಯಾಪ್ಸೂಲ್ ಚೂಪು ದನಿಯನ್ನು ಸ್ವಭಾವದಿಂದಲೇ ಎತ್ತಿ ಕೊಡುತ್ತದೆ. ಯು67ರ ಸರ್ಕ್ಯೂಟ್ ಅದನ್ನು ಅಷ್ಟೇ ತಗ್ಗಿಸುತ್ತಿತ್ತು, ಹಾಗಾಗಿ ದನಿ ಸಮವಾಗಿ ಬರುತ್ತಿತ್ತು. ಅಗ್ಗದ ಮೈಕಿನವರು ಕ್ಯಾಪ್ಸೂಲ್ ನಕಲು ಮಾಡಿದರು, ತಗ್ಗಿಸುವ ಭಾಗ ಬಿಟ್ಟರು.

ದಾರಿ ಎರಡಿದೆ. ಕೈಯಲ್ಲಿ ದುಡ್ಡಿದ್ದರೆ ಕೆ47 ಮಾದರಿಯ ಕ್ಯಾಪ್ಸೂಲ್ ಹಾಕಿ. ಅದರಲ್ಲಿ ಈ ಏರು ಕಮ್ಮಿ. ಇಲ್ಲ ಅಂದರೆ ಟ್ಯೂಬಿನ ಪ್ಲೇಟಿನಿಂದ (ದನಿ ಹೊರಬರುವ ಕಾಲು) ಗ್ರೌಂಡಿಗೆ ಒಂದು ಸಣ್ಣ ಕೆಪಾಸಿಟರ್ ಕೊಡಿ, ಚೂಪು ದನಿಯನ್ನು ಅದು ತಗ್ಗಿಸುತ್ತದೆ. 470 ಪಿಕೋಫ್ಯಾರಡ್‌ನಿಂದ ಶುರು ಮಾಡಿ, ಕೇಳಿ ನೋಡುತ್ತಾ 1000ದವರೆಗೆ ಹೋಗಬಹುದು. 400 ವೋಲ್ಟ್ ತಡೆಯುವುದೇ ಇರಲಿ. ಹತ್ತಿಪ್ಪತ್ತು ರೂಪಾಯಿಯ ಕೆಲಸ. ನನ್ನ ಮೈಕಿನಲ್ಲಿ ವೀಣೆಯ ನಾದ ಮುಂದೆ ಬಂದಿದ್ದು ಇದರಿಂದಲೇ.

ಮುಟ್ಟೋ ಮುಂಚೆ ಒಂದು ಮಾತು. ಒಳಗೆ 100ರಿಂದ 200 ವೋಲ್ಟ್ ಡಿಸಿ ಓಡಾಡುತ್ತದೆ. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈ ಕೆಪಾಸಿಟರುಗಳಲ್ಲಿ ಉಳಿದಿರುತ್ತದೆ. 10 ಕಿಲೋಓಮ್, 5 ವ್ಯಾಟಿನ ರೆಸಿಸ್ಟರಿನಿಂದ ಖಾಲಿ ಮಾಡಿ, ಮೀಟರಿನಲ್ಲಿ ಅಳೆದು ನೋಡದೆ ಬೆರಳು ಇಡಬೇಡಿ. ದಯವಿಟ್ಟು.

ಇನ್ನೊಂದು, ಕ್ಯಾಪ್ಸೂಲಿನ ತಂತಿ ಬಂದು ಸೇರುವ ಗ್ರಿಡ್ (ಟ್ಯೂಬಿಗೆ ದನಿ ಒಳಹೋಗುವ ಕಾಲು) ಜಾಗ ಚೊಕ್ಕಟವಾಗಿರಬೇಕು. ಅಲ್ಲಿರುವ ರೆಸಿಸ್ಟರ್ ನೂರಾರು ಮೆಗಾಓಮಿನದು, ಕೆಲವು ಮೈಕಿನಲ್ಲಿ 1 ಗಿಗಾಓಮ್. ಅಷ್ಟು ದೊಡ್ಡ ರೆಸಿಸ್ಟರಿನ ಮುಂದೆ ಬೆರಳಿನ ಜಿಡ್ಡೂ ತಂತಿಯಂತೆಯೇ. ಕಳೆದ ಆಷಾಢದಲ್ಲಿ ಮೈಸೂರಿನಲ್ಲಿ ಒಂದು ವಾರ ಜಡಿ ಹಿಡಿದಾಗ ನನ್ನ ಮೈಕ್ ಚಟಪಟ ಅನ್ನೋಕೆ ಶುರು ಮಾಡಿತು, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಟ್ಯೂಬೇ ಹೋಯಿತು ಅಂದುಕೊಂಡೆ. ಬಿಚ್ಚಿ ನೋಡಿದರೆ ನಾನು ಬೆಸುಗೆ ಹಾಕಿದ ಕಡೆ ಹಳದಿ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು) ಹಾಗೇ ಅಂಟಿಕೊಂಡಿತ್ತು, ತೇವ ಹಿಡಿದಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್, ಹೊಸ ಟೂತ್‌ಬ್ರಷ್‌ನಿಂದ ಉಜ್ಜಿ ಒಂದು ರಾತ್ರಿ ಒಣಗಿಸಿದೆ, ಚಟಪಟ ನಿಂತಿತು. ಈಗ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲೇ ಇಡುತ್ತೇನೆ. ಆದರೆ ಕ್ಯಾಪ್ಸೂಲಿನ ಚಿನ್ನದ ಪೊರೆಯನ್ನು ಮಾತ್ರ ಒರೆಸಲು ಹೋಗಬೇಡಿ, ಬಾಯಿಂದ ಊದಲೂ ಬೇಡಿ.

ಬೋರ್ಡಿನ ಎರಡೂ ಬದಿಯ ಫೋಟೋ ಹಾಕಿ ಸರ್. ಪ್ಲೇಟ್ ಕಾಲು ಯಾವುದು ಅಂತ ಗುರುತು ಮಾಡಿ ಕಳಿಸುತ್ತೇನೆ, ಆಮೇಲೆ ಬೆಸುಗೆ ಕಾಯಿಸಿ.