ಡ್ಯಾಕ್ ಆಮೇಲೆ, ಮೊದಲು ಟೇಪು ಹಿಡಿದು ಗೋಡೆಯ ದೂರ ಅಳೆಯಿರಿ

10 ಬೈ 12 ಅಡಿಯ ಕೋಣೆ, ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿಗೆ ಸಿಕ್ಕಿಸಿದ ಐದಿಂಚಿನ ಪವರ್ಡ್ (ಒಳಗೇ ಆಂಪ್ಲಿಫೈಯರ್, ಅಂದರೆ ಆಂಪ್ ಇರುವ) ಸ್ಪೀಕರ್ ಜೋಡಿ, ಕೇಳುವುದು ಹೆಚ್ಚಾಗಿ ಭೀಮಸೇನ ಜೋಶಿ ಮತ್ತು ಮಲ್ಲಿಕಾರ್ಜುನ ಮನ್ಸೂರ. ದನಿ ತೆಳ್ಳಗಿದೆ, 40 ಸಾವಿರ ರೂಪಾಯಿಯೊಳಗೆ ಯಾವ ಡ್ಯಾಕ್ (ಫೈಲಿನ ಅಂಕಿಗಳನ್ನು ಸದ್ದಿನ ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆ) ತಗೊಳ್ಳಲಿ, 192 ಕಿಲೋಹರ್ಟ್ಜ್ (ಸದ್ದನ್ನು ಸೆಕೆಂಡಿಗೆ 192 ಸಾವಿರ ಸಲ ಅಳೆದ ಫೈಲು) ಸಾಕೋ ಡಿಎಸ್‌ಡಿ (ಡಿಜಿಟಲ್ ಧ್ವನಿಮುದ್ರಣದ ಇನ್ನೊಂದು ಬಗೆ) ಬೇಕೋ ಅಂತ ಕೇಳಿದ್ದೀರಿ. ಇದು ನನ್ನದೇ ಹಳೆಯ ಪ್ರಶ್ನೆ. ನಾನು ಡ್ಯಾಕ್ ತಗೊಂಡೆ, ದನಿ ಮೊದಲಿದ್ದಷ್ಟೇ ತೆಳ್ಳಗಿತ್ತು. ನೀವು ತಗೋಬೇಡಿ. ದುಡ್ಡು ಹೋಗುತ್ತದೆ ಅನ್ನುವುದಕ್ಕಿಂತ, ನಿಮ್ಮ ದೂರಿಗೆ ಡ್ಯಾಕ್ ಉತ್ತರವೇ ಅಲ್ಲ ಅನ್ನುವುದು ಮುಖ್ಯ ಕಾರಣ.

ತಪ್ಪು ಇರುವುದು ಊಫರ್ (ಸ್ಪೀಕರಿನಲ್ಲಿ ಕೆಳಗಿನ ಸ್ವರ ನುಡಿಸುವ ದೊಡ್ಡ ಕೋನ್) ಮತ್ತು ಅದರ ಹಿಂದಿನ ಗೋಡೆಯ ನಡುವಿನ ಅಂತರದಲ್ಲಿ. "ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದಕ್ಕಿಡಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಎರಡಡಿ ಅಂದರೆ ಸುಮಾರು 60 ಸೆಂಟಿಮೀಟರ್. ಗಂಡು ದನಿಯ ಹಿಂದೂಸ್ತಾನಿ ಗಾಯನ ಕೇಳುವವರಿಗೆ ಇದಕ್ಕಿಂತ ಕೆಟ್ಟ ಅಳತೆ ಇನ್ನೊಂದಿಲ್ಲ. ಯಾಕೆ ಅನ್ನುವುದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದೊಂದು ಅರ್ಥವಾದರೆ ಉಳಿದ ಅರ್ಧ ಖರೀದಿಪಟ್ಟಿ ತಾನಾಗಿ ಅಳಿಸಿಹೋಗುತ್ತದೆ.

ಐದಿಂಚಿನ ಊಫರ್ ಮೇಲಿನ ಸ್ವರಗಳನ್ನು ಮುಂದಕ್ಕೆ ಎಸೆಯುತ್ತದೆ. ಆದರೆ 300 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹೋಗುತ್ತದೆ. ಅದು 60 ಸೆಂ.ಮೀ. ಹಿಂದೆ ಹೋಗಿ ಗೋಡೆಗೆ ತಾಗಿ, ಮತ್ತೆ 60 ಸೆಂ.ಮೀ. ಮುಂದೆ ಬಂದು, ನೇರವಾಗಿ ಹೊರಟ ಸದ್ದಿಗಿಂತ 1.2 ಮೀಟರ್ ತಡವಾಗಿ ನಿಮ್ಮ ಕಿವಿಗೆ ಸೇರುತ್ತದೆ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್, ಹಾಗಾಗಿ 143 ಹರ್ಟ್ಜ್‌ನ ಅಲೆಯ ಉದ್ದ 2.4 ಮೀಟರ್. 1.2 ಮೀಟರ್ ಅಂದರೆ ಸರಿಯಾಗಿ ಅರ್ಧ ಅಲೆ. ಒಂದು ಅಲೆ ಮೇಲೇಳುವಾಗ ಇನ್ನೊಂದು ಕೆಳಗಿಳಿಯುತ್ತಿರುತ್ತದೆ, ಎರಡೂ ಸೇರಿದಲ್ಲಿ ಸದ್ದು ಸತ್ತುಹೋಗುತ್ತದೆ. ಲೆಕ್ಕ ಸುಲಭ: 343ನ್ನು ಅಂತರದ ನಾಲ್ಕರಷ್ಟರಿಂದ ಭಾಗಿಸಿ. ಅಂತರವನ್ನು ಊಫರ್‌ನ ಮುಖದಿಂದ ಗೋಡೆಯವರೆಗೆ ಅಳೆಯಬೇಕು, ಪೆಟ್ಟಿಗೆಯ ಬೆನ್ನಿನಿಂದ ಅಲ್ಲ. ಎಷ್ಟೋ ಜನ ಎಡವುವುದು ಇಲ್ಲೇ.

ಈಗ ಶ್ರುತಿಗೆ ಬನ್ನಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಒಂದರ ಷಡ್ಜ 130.8 ಹರ್ಟ್ಜ್, ಕಪ್ಪು ಒಂದರದ್ದು 138.6, ಬಿಳಿ ಎರಡರದ್ದು 146.8. ಗಂಡು ಗಾಯಕರ ಷಡ್ಜ ಹೆಚ್ಚಾಗಿ ಕೂರುವುದು ಈ ಮೂರು ಮನೆಗಳಲ್ಲೇ. ಗೋಡೆ ತೋಡುವ ಗುಂಡಿಯ ನಡುಭಾಗ 143, ಅದರ ಇಳಿಜಾರು ಹೆಚ್ಚುಕಡಿಮೆ 120ರಿಂದ 170ರವರೆಗೆ ಹರಡಿರುತ್ತದೆ. ಅಂದರೆ ಗಾಯಕರು ಮಂದ್ರದಿಂದ ಏರಿ ಬಂದು ಷಡ್ಜದ ಮೇಲೆ ನಿಂತಾಗ, ಆ ಸ್ವರದ ಬುಡವನ್ನೇ ನಿಮ್ಮ ಗೋಡೆ ನುಂಗುತ್ತಿದೆ. ಕಪ್ಪು ಒಂದರ ಷಡ್ಜದ ಎರಡರಷ್ಟು, ಮೂರರಷ್ಟಿರುವ 277, 416ರ ಮೇಲ್ಸ್ವರಗಳು ಉಳಿದಿರುವುದರಿಂದ ಷಡ್ಜವೇನೋ ಷಡ್ಜವಾಗಿಯೇ ಕೇಳುತ್ತದೆ, ಎದೆಯ ತುಂಬು ಮಾತ್ರ ಇರುವುದಿಲ್ಲ. "ದನಿ ತೆಳ್ಳಗಿದೆ" ಅಂತ ನೀವು ಬರೆದಿರುವುದು ಇದನ್ನೇ ಅಂತ ನನ್ನ ಬಲವಾದ ಅನುಮಾನ. ಲ್ಯಾಪ್‌ಟಾಪ್ ಮತ್ತು ಸ್ಪೀಕರ್ ನಡುವೆ ಎಷ್ಟು ಬೆಲೆಯ ಡ್ಯಾಕ್ ಕೂರಿಸಿದರೂ ಅದರಿಂದ ಹೊರಟ 143 ಹರ್ಟ್ಜ್ ಅದೇ ಗೋಡೆಗೆ ತಾಗಿ ವಾಪಸು ಬರುತ್ತದೆ. ಈಕ್ವಲೈಜರ್‌ನಲ್ಲಿ ಆ ಭಾಗವನ್ನು ಎತ್ತಿದರೂ ಪ್ರಯೋಜನವಿಲ್ಲ. ನೇರ ಸದ್ದು ಎಷ್ಟು ಹೆಚ್ಚುತ್ತದೋ ಪ್ರತಿಫಲನವೂ ಅಷ್ಟೇ ಹೆಚ್ಚುತ್ತದೆ, ಗುಂಡಿ ಹಾಗೇ ಉಳಿಯುತ್ತದೆ. ಆಂಪ್ ಮಾತ್ರ ಸುಮ್ಮನೆ ದುಡಿಯುತ್ತದೆ.

ನನ್ನ ಮಾತು ನಂಬಬೇಕಿಲ್ಲ, ಇವತ್ತೇ ಪರೀಕ್ಷಿಸಿ. ಯಾವುದಾದರೂ ಉಚಿತ ಟೋನ್ ಜನರೇಟರ್ (ಹೇಳಿದ ಹರ್ಟ್ಜ್‌ನ ಒಂದೇ ಸ್ವರ ನುಡಿಸುವ ತಂತ್ರಾಂಶ) ಸಾಕು. ಒಂದು ಸ್ಪೀಕರನ್ನು ಆಫ್ ಮಾಡಿ ಇನ್ನೊಂದನ್ನೇ ಉಳಿಸಿಕೊಳ್ಳಿ. ನೀವು ದಿನಾ ಕೂರುವ ಜಾಗದಲ್ಲೇ ಕೂತು, ಮಾತಾಡುವಷ್ಟು ಸದ್ದಿನಲ್ಲಿ 100ರಿಂದ 200 ಹರ್ಟ್ಜ್‌ವರೆಗೆ ಐದೈದು ಹರ್ಟ್ಜ್ ಏರಿಸುತ್ತಾ ಹೋಗಿ. ಸದ್ದು ಎಲ್ಲಿ ಕುಸಿಯಿತು ಅಂತ ಬರೆದುಕೊಳ್ಳಿ. ಆಮೇಲೆ ಸ್ಪೀಕರನ್ನು 15 ಸೆಂ.ಮೀ. ಹಿಂದಕ್ಕೆ ತಳ್ಳಿ ಮತ್ತೆ ನೋಡಿ. ಕುಸಿತ 143ರಿಂದ 190ರ ಆಸುಪಾಸಿಗೆ ಜರುಗಿದರೆ ಸ್ಪೀಕರ್ ಹಿಂದಿನ ಗೋಡೆಯೇ ಕಾರಣ. ಜರುಗದಿದ್ದರೆ ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು ಅನುಮಾನಿಸಿ, ಕಿವಿಯಿಂದ ಆ ಗೋಡೆಗೆ ಇರುವ ದೂರಕ್ಕೂ ಇದೇ ಲೆಕ್ಕ. ಸರಿಯಾದ ಗೆರೆಚಿತ್ರವೇ ಬೇಕಿದ್ದರೆ ಮಿನಿಡಿಎಸ್‌ಪಿಯ ಯುಮೈಕ್-1ರಂಥ ಯುಎಸ್‌ಬಿ ಅಳತೆ ಮೈಕು ಮತ್ತು ರೂಮ್ ಇಕ್ಯೂ ವಿಜಾರ್ಡ್ ಅನ್ನುವ ಉಚಿತ ತಂತ್ರಾಂಶ. ಡ್ಯಾಕ್‌ಗೆ ಎತ್ತಿಟ್ಟ ಹಣದಲ್ಲಿ ಮೊದಲು ಕೊಳ್ಳಬೇಕಾದ ಡಿಜಿಟಲ್ ಸಾಮಾನು ಅಂತ ಕೇಳಿದರೆ ನಾನು ಹೇಳುವುದು ಈ ಮೈಕನ್ನೇ.

ಪರಿಹಾರ ಹೀಗೆ. ಸಣ್ಣ ಕೋಣೆಯಲ್ಲಿ ಸ್ಪೀಕರನ್ನು ಗೋಡೆಯಿಂದ ಬಹಳ ದೂರ ತರಲು ಆಗುವುದಿಲ್ಲ, ಆದ್ದರಿಂದ ಹತ್ತಿರ ತಳ್ಳಬೇಕು. ಪೆಟ್ಟಿಗೆಯ ಆಳ 25 ಸೆಂ.ಮೀ., ಹಿಂದೆ ಐದು ಸೆಂ.ಮೀ. ಬಿಟ್ಟರೆ ಅಂತರ 30, ಗುಂಡಿ 286 ಹರ್ಟ್ಜ್‌ಗೆ ಏರುತ್ತದೆ. ಅಷ್ಟು ಮೇಲೆ ಸ್ಪೀಕರ್ ಹಿಂದಕ್ಕೆ ಎಸೆಯುವ ಸದ್ದೂ ಕಡಿಮೆ, ಹತ್ತು ಸೆಂ.ಮೀ. ದಪ್ಪದ ಗ್ಲಾಸ್‌ವುಲ್ ಹಲಗೆಗೆ ಅದನ್ನು ಹೀರುವ ಶಕ್ತಿಯೂ ಇದೆ. ಹಲಗೆಗೆ ಜಾಗ ಮಾಡಲು ಸ್ಪೀಕರನ್ನು ಒಂದಿಷ್ಟು ಮುಂದೆ ತಂದರೂ ಪರವಾಗಿಲ್ಲ, 40 ಸೆಂ.ಮೀ. ದಾಟಬೇಡಿ. ಗೋಡೆಗೆ ಹತ್ತಿರವಾದಷ್ಟೂ ಬೇಸ್ ಉಬ್ಬುತ್ತದೆ. ಅದಕ್ಕೆಂದೇ ಒಳ್ಳೆಯ ಪವರ್ಡ್ ಸ್ಪೀಕರ್‌ಗಳ ಬೆನ್ನಿನಲ್ಲಿ ಬೇಸ್ ಇಳಿಸುವ ಸ್ವಿಚ್ ಕೊಟ್ಟಿರುತ್ತಾರೆ. ಕಾಲಿ ಎಲ್‌ಪಿ-6, ಜೆಬಿಎಲ್ 305ಪಿ ಮಾರ್ಕ್ 2 ಮಾದರಿಗಳೆರಡರಲ್ಲೂ ಇದೆ. ನಿಮ್ಮದರಲ್ಲಿ ಇಲ್ಲದಿದ್ದರೆ, ಅಥವಾ ಗಾಳಿರಂಧ್ರ ಹಿಂದಿದ್ದು ಗೋಡೆಗೆ ಒತ್ತಲು ಆಗದಿದ್ದರೆ, ನಿಮ್ಮ 40 ಸಾವಿರದ ದೊಡ್ಡ ಪಾಲನ್ನು ಮುಂದೆ ರಂಧ್ರವಿರುವ ಸ್ಪೀಕರ್ ಜೋಡಿಗೆ ಹಾಕಿ. ಕಾಲಿ ಎಲ್‌ಪಿ-6ರ ರಂಧ್ರ ಮುಂದಿದೆ, ಊಫರ್ ಆರೂವರೆ ಇಂಚು.

ಗ್ಲಾಸ್‌ವುಲ್ ಹಲಗೆ ಮನೆಯಲ್ಲೇ ಮಾಡಬಹುದು. ಘನ ಮೀಟರಿಗೆ 48 ಕಿಲೋ ಸಾಂದ್ರತೆಯ 50 ಮಿ.ಮೀ. ಸ್ಲ್ಯಾಬ್ ಎರಡು, ಒಂದರ ಮೇಲೊಂದು. ಎರಡಡಿ ಅಗಲ ನಾಲ್ಕಡಿ ಎತ್ತರದ ಮರದ ಚೌಕಟ್ಟು, ಮೇಲೆ ಊದಿದರೆ ಉಸಿರು ದಾಟುವಂಥ ಹತ್ತಿ ಬಟ್ಟೆ. ಕತ್ತರಿಸುವಾಗ ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಮೈಮುಚ್ಚುವ ಅಂಗಿ ಬೇಕೇಬೇಕು. ನಾಲ್ಕು ಹಲಗೆ ಸಾಕು: ಎರಡು ಸ್ಪೀಕರ್ ಹಿಂದೆ, ಎರಡು ಪಕ್ಕದ ಗೋಡೆಗಳ ಮೇಲೆ. ನೀವು ಕೂತಿರುವಾಗ ಇನ್ನೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿ ಜರುಗಿಸಲಿ. ಕನ್ನಡಿಯಲ್ಲಿ ಟ್ವೀಟರ್ (ಮೇಲಿನ ಸ್ವರ ನುಡಿಸುವ ಸಣ್ಣ ಭಾಗ) ಎಲ್ಲಿ ಕಾಣುತ್ತದೋ ಅಲ್ಲೇ ಹಲಗೆಯ ಜಾಗ. ಮೊಟ್ಟೆ ಟ್ರೇ, ಒಂದಿಂಚಿನ ಸ್ಪಂಜು ದಯವಿಟ್ಟು ಬೇಡ. ಅವು ಕೆಳಗಿನ ಸದ್ದನ್ನು ಮುಟ್ಟುವುದಿಲ್ಲ, ಮೇಲಿನದನ್ನು ಮಾತ್ರ ಹೀರಿ ತಂಬೂರಿಯ ಜವಾರಿಯ ಝೇಂಕಾರವನ್ನು ಮಂಕು ಮಾಡುತ್ತವೆ. ಟೈಲ್ಸ್ ನೆಲಕ್ಕೆ ದಪ್ಪ ಜಮಖಾನ ಹಾಸಿ. ನವಲಗುಂದದ್ದು ಮನೆಯಲ್ಲಿದ್ದರೆ ಎರಡು ಮಡಿಕೆ ಮಾಡಿ ಸ್ಪೀಕರ್‌ಗೂ ನಿಮಗೂ ನಡುವೆ ಹಾಕಿ, ಚಪ್ಪಾಳೆ ತಟ್ಟಿದಾಗ ಬರುವ ಕಣಕಣ ಕಡಿಮೆಯಾಗುತ್ತದೆ.

ಕೂರುವ ಜಾಗ ಕೋಣೆಯ ಸರಿ ನಡುವೆ ಬೇಡ. 12 ಅಡಿ ಉದ್ದದ ಮೊದಲ ಅನುರಣನ (ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡಿ ಉಬ್ಬುವ ಜಾಗ) 47 ಹರ್ಟ್ಜ್, ನಟ್ಟನಡುವೆ ಅದು ಕೇಳುವುದೇ ಇಲ್ಲ. ಹಿಂದಿನ ಗೋಡೆಯಿಂದ ನಾಲ್ಕೂವರೆ ಅಡಿಗೆ ತಲೆ ಬರುವಂತೆ ಕೂತು ನೋಡಿ, ಅಲ್ಲಿಂದ ಅಂಗೈಯಗಲ ಅತ್ತಿತ್ತ. 10 ಅಡಿ ಅಗಲಕ್ಕೆ 56 ಹರ್ಟ್ಜ್, ನಿಮ್ಮ ಸೂರೂ 10 ಅಡಿ ಎತ್ತರವಿದ್ದರೆ ಅದಕ್ಕೂ 56, ಎರಡೂ ಒಂದೇ ಹರ್ಟ್ಜ್‌ನಲ್ಲಿ ಗುಂಯ್ಗುಡುತ್ತವೆ. ಎರಡು ಸ್ಪೀಕರ್ ಪಕ್ಕದ ಗೋಡೆಗಳಿಂದ ಸಮದೂರದಲ್ಲಿದ್ದರೆ ಅಗಲದ ಅನುರಣನ ಬಹುಪಾಲು ತಣಿಯುತ್ತದೆ, ಆದ್ದರಿಂದ ಟೇಪು ಹಿಡಿದು ಸಮ ಮಾಡಿ. ಆದರೆ ಪಕ್ಕದ ಗೋಡೆಯ ದೂರವೂ ಹಿಂದಿನ ಗೋಡೆಯ ದೂರವೂ ಒಂದೇ ಆಗದಿರಲಿ, ಗುಂಡಿಯ ಮೇಲೆ ಗುಂಡಿ ಬೀಳುತ್ತದೆ. ಟ್ವೀಟರ್ ಕಿವಿಯ ಎತ್ತರಕ್ಕಿರಬೇಕು. ಕುರ್ಚಿಯಾದರೆ ಅದು ನೆಲದಿಂದ ಮೀಟರಿನ ಆಸುಪಾಸು, ಚಾಪೆಯ ಮೇಲೆ ಕೂತು ಕೇಳುವವರಾದರೆ 75–80 ಸೆಂ.ಮೀ. ಸ್ಟ್ಯಾಂಡ್ ಕೊಳ್ಳುವ ಮೊದಲು ಇದನ್ನು ತೀರ್ಮಾನಿಸಿ. ಶೋಕೇಸಿನ ಖಾನೆಯೊಳಗಂತೂ ಇಡಲೇಬೇಡಿ.

ಉಳಿದ 56ರ ಗುಂಯ್‌ಗೆ ಗ್ಲಾಸ್‌ವುಲ್ ಸಾಲದು, ಆ ಅಲೆಯ ಕಾಲುಭಾಗವೇ ಒಂದೂವರೆ ಮೀಟರ್. ಅಲ್ಲಿ ಈಕ್ವಲೈಜರ್ ಕೆಲಸ ಮಾಡುತ್ತದೆ, ಏಕೆಂದರೆ ಅದು ಉಬ್ಬು, ಗುಂಡಿ ಅಲ್ಲ. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಉಚಿತ. ಮೈಕು ತೋರಿಸಿದ ಉಬ್ಬಿನ ಮೇಲೆ ಒಂದು ಫಿಲ್ಟರ್. 56 ಹರ್ಟ್ಜ್, ಮೈನಸ್ 7 ಡೆಸಿಬೆಲ್, ಕ್ಯೂ (ಫಿಲ್ಟರ್ ಎಷ್ಟು ಕಿರಿದು ಅನ್ನುವ ಅಳತೆ) 5 ಅನ್ನುವುದು ಒಳ್ಳೆಯ ಆರಂಭ. ಕಡಿಯಿರಿ, ಎತ್ತಬೇಡಿ. ಒಂದು ಎಚ್ಚರಿಕೆ: ಪ್ಲೇಯರ್‌ನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ ಅಥವಾ ಏಸಿಯೋ ಅನ್ನುವ ನೇರದಾರಿ ಆಯ್ದುಕೊಂಡರೆ ಸದ್ದು ಈ ಈಕ್ವಲೈಜರನ್ನು ದಾಟಿ ನೇರ ಹೋಗಿಬಿಡುತ್ತದೆ. "ಬಿಟ್ ಪರ್ಫೆಕ್ಟ್" ಅನ್ನುವ, ಫೈಲಿನ ಒಂದಂಕಿಯೂ ಬದಲಾಗಬಾರದೆಂಬ ಆಸೆಗೆ ಬಿದ್ದು ಕೋಣೆಯ ತಿದ್ದುಪಡಿಯನ್ನು ಕಳೆದುಕೊಳ್ಳಬೇಡಿ.

ಇನ್ನು 192 ಮತ್ತು ಡಿಎಸ್‌ಡಿ. ಸಿಡಿಯ 44.1 ಕಿಲೋಹರ್ಟ್ಜ್ 22 ಸಾವಿರ ಹರ್ಟ್ಜ್‌ವರೆಗಿನ ಸದ್ದನ್ನು ಹಿಡಿಯುತ್ತದೆ, ಹದಿಹರೆಯದ ಒಳ್ಳೆಯ ಕಿವಿಯ ಮಿತಿಯೂ 20 ಸಾವಿರ. 16 ಬಿಟ್‌ನ ವ್ಯಾಪ್ತಿ (ಅತಿ ಮೆಲ್ಲಗಿನ ಸದ್ದಿಗೂ ಅತಿ ಜೋರಿನದಕ್ಕೂ ಇರುವ ಅಂತರ) ಸುಮಾರು 96 ಡೆಸಿಬೆಲ್. ಫ್ಯಾನು ತಿರುಗುತ್ತಿರುವ ಕೋಣೆಯ ಮೌನವೇ 40–45 ಡೆಸಿಬೆಲ್, ನಿಮ್ಮ ಅತಿ ಜೋರಿನ ಸದ್ದು 95 ಇದ್ದೀತು. ನಡುವೆ ಉಳಿಯುವುದು 50–55, ಅದಕ್ಕೆ 16 ಬಿಟ್ ಧಾರಾಳ. ನೀವು ಕೇಳುವ ಸಂಗೀತದಲ್ಲಿ ಹಳೆಯ ಟೇಪುಗಳೂ, ಅದಕ್ಕೂ ಹಿಂದಿನ 78 ಆರ್‌ಪಿಎಂ ತಟ್ಟೆಗಳೂ ಇರುತ್ತವೆ. ಆ ಧ್ವನಿಮುದ್ರಣವನ್ನು 192ರಲ್ಲಿ ಇಟ್ಟರೆ ಫೈಲು ದೊಡ್ಡದಾಗುತ್ತದೆ, ತಟ್ಟೆಯಲ್ಲಿ ಇಲ್ಲದ್ದು ಹುಟ್ಟಿ ಬರುವುದಿಲ್ಲ. ಒಳ್ಳೆಯ ಮೂಲದಿಂದ ಮಾಡಿದ 44.1ರ ಫ್ಲ್ಯಾಕ್ (ಗುಣ ಕಳೆಯದೆ ಕುಗ್ಗಿಸಿದ) ಫೈಲು ಹುಡುಕಿ.

ಡ್ಯಾಕ್ ನಿಜವಾಗಿ ಬೇಕಾಗುವ ಸಂದರ್ಭಗಳಿವೆ. ಹಾಡು ನಿಲ್ಲಿಸಿ, ಸ್ಪೀಕರ್ ಸದ್ದು ಎಂದಿನಷ್ಟೇ ಇಟ್ಟು ಟ್ವೀಟರ್‌ಗೆ ಕಿವಿ ಕೊಡಿ. ಮೌಸ್ ಅಲುಗಿಸಿದಾಗ ಕಿರಿಕಿರಿ ಸದ್ದು ಬಂದರೆ ಲ್ಯಾಪ್‌ಟಾಪಿನ ಜ್ಯಾಕಿನ ಸಂಕೇತ ಕೊಳಕು. ಅದಕ್ಕೂ ಆಪಲ್‌ನ ಯುಎಸ್‌ಬಿ-ಸಿ ಹೆಡ್‌ಫೋನ್ ಡಾಂಗಲ್ ಸಾಕು: ಬೆಲೆ ಸಾವಿರದ ಆಸುಪಾಸು, 24 ಬಿಟ್ 48 ಕಿಲೋಹರ್ಟ್ಜ್, ಹೊರಬರುವುದು ಒಂದು ವೋಲ್ಟ್, ಪವರ್ಡ್ ಸ್ಪೀಕರ್‌ಗೆ ಯಥೇಷ್ಟ. ಆಂಡ್ರಾಯ್ಡ್ ಫೋನಿಗೆ ಮಾತ್ರ ಹಾಕಬೇಡಿ, ಹಲವು ಫೋನುಗಳಲ್ಲಿ ಅದು ತೀರಾ ಮೆಲ್ಲಗೆ ಕೇಳುತ್ತದೆ. 250–300 ಓಮ್‌ನ ಹೆಡ್‌ಫೋನ್ ಇದ್ದರೆ, ಟಿವಿಯಲ್ಲಿ ಆಪ್ಟಿಕಲ್ (ಬೆಳಕಿನ ಕೇಬಲಿನ) ಕಿಂಡಿ ಬಿಟ್ಟು ಬೇರೇನೂ ಇಲ್ಲದಿದ್ದರೆ ದೊಡ್ಡ ಡ್ಯಾಕ್ ಯೋಚಿಸಿ. ಟಿವಿಯ ಸೆಟ್ಟಿಂಗ್‌ನಲ್ಲಿ ಡಾಲ್ಬಿ ಬದಲು ಪಿಸಿಎಂ ಆರಿಸದಿದ್ದರೆ ಬರೇ ಗರಗರ, ಇಲ್ಲವೇ ಮೌನ.

ಕೇಳುವುದು ಕಿರಿಕಿರಿಯಲ್ಲ, ಗುಂಯ್ ಅನ್ನುವ ಹಮ್ ಆಗಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ಅದು ಗ್ರೌಂಡ್ ಲೂಪ್ (ಎರಡು ಕಡೆಯ ಅರ್ಥಿಂಗ್ ಸೇರಿ ಆದ ಸುತ್ತು). ಲ್ಯಾಪ್‌ಟಾಪು, ಸ್ಪೀಕರ್ ಎಲ್ಲವನ್ನೂ ಒಂದೇ ಸಾಕೆಟ್ಟಿನ ಒಂದೇ ಎಕ್ಸ್‌ಟೆನ್ಷನ್ ಪಟ್ಟಿಗೆ ತನ್ನಿ. ಆದರೂ ಇದ್ದರೆ ಕೇಬಲ್ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್. ಮೂರನೇ ಪಿನ್ ಮುರಿದು ಹಮ್ ನಿಲ್ಲಿಸುವುದನ್ನು ಯಾರು ಹೇಳಿದರೂ ಮಾಡಬೇಡಿ, ಅದು ಜೀವ ಕಾಯುವ ಅರ್ಥಿಂಗ್. ಕರೆಂಟು ಹೋದಾಗ ಮಾತ್ರ ಝುಂಯ್ ಅನ್ನುತ್ತಿದ್ದರೆ ಇನ್ವರ್ಟರ್ ಸ್ಕ್ವೇರ್ ವೇವ್‌ನದು; ಸೈನ್ ವೇವ್ ಇನ್ವರ್ಟರ್ ಬಿಟ್ಟು ಅದಕ್ಕೆ ಬೇರೆ ಮದ್ದಿಲ್ಲ.

ಮುಂದೆ ಎಂದಾದರೂ ಆಂಪ್ ಬೇರೆ ಸ್ಪೀಕರ್ ಬೇರೆ ಅಂತ ಹೋದರೂ ತಂತಿಗೆ ದುಡ್ಡು ಸುರಿಯಬೇಡಿ. ಮನೆ ವೈರಿಂಗಿನ 2.5 ಚದರ ಮಿ.ಮೀ. ತಾಮ್ರದ ತಂತಿ ಐದು ಮೀಟರ್ ಓಡಿಸಿದರೆ ಹೋಗಿಬರುವ ರೋಧ ಒಟ್ಟು 0.074 ಓಮ್. ಎಂಟು ಓಮ್‌ನ ಸ್ಪೀಕರ್ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ನಿಮ್ಮ ಸ್ಪೀಕರಿನ ಮಾದರಿ, ಊಫರ್ ಮುಖದಿಂದ ಹಿಂದಿನ ಗೋಡೆಗೆ ಮತ್ತು ಪಕ್ಕದ ಗೋಡೆಗೆ ದೂರ, ಕಿವಿಯಿಂದ ಬೆನ್ನ ಹಿಂದಿನ ಗೋಡೆಗೆ ದೂರ, ಸೂರಿನ ಎತ್ತರ, ಟೋನ್ ಪರೀಕ್ಷೆಯಲ್ಲಿ ಸದ್ದು ಕುಸಿದ ಹರ್ಟ್ಜ್ ಇಷ್ಟನ್ನೂ ಕೆಳಗೆ ಬರೆಯಿರಿ. ಹಲಗೆ ಎಲ್ಲಿ ನಿಲ್ಲಿಸಬೇಕು, ಬೆನ್ನಿನ ಸ್ವಿಚ್ ಎಷ್ಟಕ್ಕೆ ಇಡಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.